ಒಂದೇ ಡ್ರಾಪ್

ಮಾರ್ಚ್ 4, ಮಂಗಳವಾರ

ಇವತ್ತೂ ಅಪ್ಪ ಅಮ್ಮನನ್ನು ಡ್ರಾಪ್ ಮಾಡಿದರು. ಸ್ಕೂಟರ್ ಒದ್ದರು, ಮತ್ತೆ ಒದ್ದರು, ಕೆಮ್ಮಿ ಕೆಮ್ಮಿ ಹೊತ್ತಿಕೊಂಡಿತು. ಅಮ್ಮ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಳು. ಒಂದು ಮಾತಿಲ್ಲ. ಕ್ಲಿನಿಕ್ ಮುಂದೆ ಇಳಿಯುವಾಗಲೂ ಇರುವುದಿಲ್ಲ. ಒಮ್ಮೆ ಸೈಕಲ್‌ನಲ್ಲಿ ಹಿಂದೆ ಹೋಗಿ ನೋಡಿದ್ದೇನೆ. ನರ್ಸಮ್ಮ ಇಳಿಯುತ್ತಾಳೆ, ಮೆಕ್ಯಾನಿಕ್ ಗಾಡಿ ತಿರುಗಿಸಿಕೊಂಡು ಬಸ್ ಡಿಪೋ ಕಡೆ ಹೋಗುತ್ತಾರೆ. ನೋಡಿದವರು ಬಾಡಿಗೆ ಗಾಡಿ ಅಂದುಕೊಳ್ಳಬೇಕು.

ಮಾತು ನಿಂತು ಬಹಳ ಕಾಲವಾಯಿತು. ಡ್ರಾಪ್ ನಿಂತಿಲ್ಲ.

ನಮ್ಮ ಮನೆಯಲ್ಲಿ ಎಲ್ಲರಿಗೂ ಡ್ರಾಪ್ ಬೇಕು. ಅಜ್ಜಿಗೆ ಕಣ್ಣಿನ ಡಾಕ್ಟರ ಹತ್ತಿರ ಡ್ರಾಪ್. ಮಳೆ ಬಂದರೆ ನನಗೆ ಕೀ ಅಂಗಡಿಗೆ ಡ್ರಾಪ್. ಕೇಳಿದಾಗ ಅಪ್ಪ ಇಲ್ಲ ಅಂದದ್ದೇ ಇಲ್ಲ. ನಾನು ಹತ್ತನೇ ಕ್ಲಾಸ್ ಅರ್ಧಕ್ಕೆ ಬಿಟ್ಟು ಬಂದಾಗಲೂ ‘ದಿನಾ ಡ್ರಾಪ್ ತಗೊಂಡೋಳು ಡ್ರಾಪ್‌ಔಟ್ ಆದ್ಲು’ ಅಂತ ನಕ್ಕಿದ್ದರು. ಅಮ್ಮ ನಗಲಿಲ್ಲ. ‘ನೀವು ನಕ್ಕಿದ್ದಕ್ಕೇ ಹೀಗಾಗಿದ್ದು’ ಅಂದಳು. ಇವರಿಬ್ಬರ ಮಾತು ನಿಲ್ಲುವುದಕ್ಕೆ ನಾನೇ ಕಾರಣ ಅಂದುಕೊಂಡುಬಿಟ್ಟರೆ ಒಂಥರಾ ಸುಲಭ. ಆದರೆ ನಿಜ ಅಲ್ಲ. ಅದಕ್ಕೂ ಮುಂಚಿನಿಂದಲೇ ಇಬ್ಬರೂ ಒಂದೇ ಕೋಣೆಯಲ್ಲಿ ಬೇರೆ ಬೇರೆ ಕಡೆ ನೋಡುತ್ತಿದ್ದರು.

ಮಾಲೀಕರು ಮನೆ ಮಾರಿದ್ದಾರೆ. ತಿಂಗಳ ಕೊನೆಗೆ ಖಾಲಿ ಮಾಡಬೇಕು. ಅಮ್ಮ ನನ್ನ ಮುಖ ನೋಡಿಕೊಂಡು, ಅಪ್ಪನಿಗೆ ಕೇಳುವಂತೆ ಹೇಳಿದಳು — ‘ಹೇಗೂ ಬಿಡ್ತಿದ್ದೀವಿ. ಎರಡು ಮನೆ ನೋಡ್ಕೊಳ್ಳೋಣ.’ ಅಪ್ಪ ಪೇಪರ್ ಮಡಿಚಿ ‘ಸರಿ’ ಅಂದರು. ಮುಗಿಯಿತು. ಇಷ್ಟು ವರ್ಷದ ಸಂಸಾರಕ್ಕೆ ಎರಡಕ್ಷರ.

ಅಮ್ಮನಿಗೆ ಕ್ಲಿನಿಕ್ ಪಕ್ಕದ ಬೀದಿಯಲ್ಲಿ, ಮೊದಲ ಮಹಡಿಯಲ್ಲಿ ಎರಡು ಕೋಣೆ ಸಿಕ್ಕಿವೆ. ಅಪ್ಪನಿಗೆ ಊರಿನ ಇನ್ನೊಂದು ತುದಿಯಲ್ಲಿ, ಡಿಪೋ ಹಿಂದೆ ಒಂದು ರೂಮು. ಅಜ್ಜಿ ಅಪ್ಪನ ತಾಯಿ. ಎಲ್ಲರಿಗಿಂತ ಮೊದಲು ಅವರೇ ತೀರ್ಮಾನ ಹೇಳಿದರು — ‘ನಾನು ಸೊಸೆ ಜೊತೆ. ಹೆತ್ತಿದ್ದೀನಿ ಅಂತ ಅವನ ಅಡುಗೆ ತಿನ್ನೋಕಾಗತ್ತಾ?’

ನಾನು ಎಲ್ಲಿಗೆ ಅಂತ ಯಾರೂ ಕೇಳಿಲ್ಲ.

ಸಾಮಾನು ಸಾಗಿಸುವ ಕಂಪನಿ ಹುಡುಕುವ ಕೆಲಸ ಮಾತ್ರ ನನಗೇ ಬಂತು. ‘ಒಂದೇ ಲಾರಿ ಸಾಕು, ಎರಡೂ ಕಡೆ ಇಳಿಸ್ಲಿ’ ಅಂದಳು ಅಮ್ಮ. ಅಜ್ಜಿ: ‘ಕಾಲಿಗೆ ಚಕ್ರ ಕಟ್ಕೊಂಡೋಳಲ್ವಾ, ಇವಳೇ ಮಾಡ್ಲಿ.’ ಮನೆಯಲ್ಲಿ ನನ್ನ ಹೆಸರೇ ಚಕ್ರ. ಸ್ಕೂಲ್ ಆಯಿತು, ಹೊಲಿಗೆ ಅಂಗಡಿ ಆಯಿತು, ಬೇಕರಿ ಆಯಿತು, ಈಗ ಕೀ ಅಂಗಡಿ. ಅಲ್ಲಿ ಇಲ್ಲಿಯವರೆಗೆ ಬೇಜಾರಾಗಿಲ್ಲ. ಬೀಗ ತೆಗೆಯುವಾಗ ‘ಕ್ಲಿಕ್’ ಅನ್ನುತ್ತದಲ್ಲ, ಅದಕ್ಕೆ.


ಮಾರ್ಚ್ 6, ಗುರುವಾರ

ಗಿರಾಕಿ ಇಲ್ಲದಾಗ ಅಂಗಡಿಯಿಂದಲೇ ಮೂರು ಕಂಪನಿಗೆ ಫೋನ್ ಮಾಡಿದೆ.

ಮೊದಲನೆಯವನು ಏನೂ ಕೇಳದೆ ರೇಟು ಹೇಳಿದ. ಎಷ್ಟು ಸಾಮಾನು, ಎಷ್ಟನೇ ಮಹಡಿ — ಏನೂ ಬೇಡ ಅವನಿಗೆ. ‘ಅಷ್ಟೇನಾ? ಮೇಲೆ ಏನೂ ಇಲ್ವಾ?’ ಅಂದೆ. ‘ಎಸ್ಟಿಮೇಟ್ ಮೇಡಂ’ ಅಂದ. ಅಂಗಡಿಯ ಮಾಲೀಕರು, ಎಲ್ಲರೂ ಕೀ ಅಂಕಲ್ ಅನ್ನುತ್ತಾರೆ, ಅರದಿಂದ ಕೀಲಿ ಉಜ್ಜುತ್ತಲೇ ತಲೆ ಎತ್ತದೆ ಹೇಳಿದರು: ‘ಎಸ್ಟಿಮೇಟ್ ಅಂದ್ರೆ ಅಂದಾಜು. ಸಾಮಾನು ಲಾರಿ ಹತ್ತಿದ ಮೇಲೆ ಅಂದಾಜು ಬೆಳೆಯತ್ತೆ. ಆಗ ನೀನು ಬೀದೀಲಿ, ಮಂಚ ಅವರ ಕೈಲಿ. ಹೋದ ಸಲ ನನಗೆ ಹಾಗೇ ಆಯ್ತು.’

ಎರಡನೆಯವರು ಫೋನ್ ಎತ್ತಲಿಲ್ಲ.

ಮೂರನೆಯ ಕಂಪನಿಯಲ್ಲಿ ಒಬ್ಬಳು ಹುಡುಗಿ. ತಾಳ್ಮೆ ಇತ್ತು. ಮೊದಲು ಸರ್ವೆಗೆ ಬರುತ್ತಾರಂತೆ — ಮನೆಗೆ ಬಂದು ಸಾಮಾನು ನೋಡುವುದು, ಪುಕ್ಕಟೆ. ಆಮೇಲೆ ಬರೆದು ಕೊಡುತ್ತಾರೆ. ಬರೆದದ್ದರ ಮೇಲೆ ಒಂದು ಪೈಸೆ ಜಾಸ್ತಿ ಕೇಳುವುದಿಲ್ಲ, ನಾವು ಹೇಳದೆ ಬಿಟ್ಟದ್ದು ಏನಾದರೂ ಇದ್ದರೆ ಹೊರತು. ಏನೇನು ಹೇಳಬೇಕು ಅಂತ ಕೇಳಿದೆ. ಲಿಫ್ಟ್ ಇಲ್ಲದ ಮಹಡಿಗೆ ಫ್ಲೋರ್ ಚಾರ್ಜ್. ಲಾರಿ ಬಾಗಿಲವರೆಗೆ ಬರದಿದ್ದರೆ ಹೊತ್ತು ನಡೆಯುವ ದೂರಕ್ಕೆ ಲಾಂಗ್ ಕ್ಯಾರಿ. ನಮ್ಮ ಓಣಿಗೆ ಲಾರಿ ಬರುವುದಿಲ್ಲ. ಬಿತ್ತು ಅದೊಂದು. ಮಂಚ ಬಿಚ್ಚಿ ಜೋಡಿಸುವುದಕ್ಕೆ ಬೇರೆ. ಲಾರಿ ಬಂದು ಸುಮ್ಮನೆ ನಿಂತರೆ ಅರ್ಧ ಗಂಟೆ ಫ್ರೀ, ಅದರ ಮೇಲೆ ವೇಟಿಂಗ್ ಚಾರ್ಜ್.

‘ಏನೂ ಮಾಡದೆ ನಿಂತ್ರೂನಾ?’

‘ಏನೂ ಮಾಡದೆ ನಿಂತ್ರೇನೇ ಮೇಡಂ.’

ಸಂಜೆ ಇದನ್ನು ಅಜ್ಜಿಗೆ ಹೇಳಿದೆ. ಅಜ್ಜಿ ಅಡುಗೆಮನೆ ಕಡೆ ಒಮ್ಮೆ ನೋಡಿದರು, ಜಗಲಿ ಕಡೆ ಒಮ್ಮೆ ನೋಡಿದರು.

‘ಹಾಗಾದ್ರೆ ಇವರಿಬ್ಬರ ಬಿಲ್ಲು ಎಷ್ಟಾಗಿರಬೇಕು ಲೆಕ್ಕ ಹಾಕು.’


ಮಾರ್ಚ್ 9, ಭಾನುವಾರ

ಸರ್ವೆಯವರು ಬಂದು ಹೋದರು. ಕಿವಿ ಮೇಲೆ ಪೆನ್ಸಿಲ್, ಕೈಯಲ್ಲಿ ಟೇಪು. ಚಪ್ಪಲಿ ಬಿಡುವ ಮೊದಲೇ ಬಾಗಿಲ ಅಗಲ ಅಳೆದರು.

ತೂಕ ಕೇಳುತ್ತಾರೆ ಅಂದುಕೊಂಡಿದ್ದೆ. ‘ತೂಕ ಬೇಡಮ್ಮ, ಜಾಗ. ಲಾರೀಲಿ ಎಷ್ಟು ಜಾಗ ತಿನ್ನತ್ತೆ ಅನ್ನೋದರ ಮೇಲೆ ರೇಟು.’ ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ ಒಂದು ಲೆಕ್ಕವಂತೆ. ಅಪ್ಪನ ಸ್ಪ್ಯಾನರ್ ಪೆಟ್ಟಿಗೆ ಎತ್ತಲಿಕ್ಕಾಗುವುದಿಲ್ಲ, ಆದರೆ ಚಾರ್ಜು ಚೂರು. ಬೆತ್ತದ ಕುರ್ಚಿ ಒಂದೇ ಕೈಯಲ್ಲಿ ಎತ್ತಬಹುದು. ಚಾರ್ಜು ಜಾಸ್ತಿ. ಒಳಗೆ ಏನೂ ಇಲ್ಲದ್ದಕ್ಕೇ ಹೆಚ್ಚು ಜಾಗ ಬೇಕು. ಇದು ನನಗೆ ಯಾಕೋ ಇಡೀ ದಿನ ತಲೆಯಲ್ಲಿ ತಿರುಗಿತು.

ಅಜ್ಜಿಯ ಮರದ ಬೀರು ಮುಂದೆ ನಿಂತು ಸರ್ವೆಯವರು ತಲೆ ಕೆರೆದುಕೊಂಡರು.

‘ಇದನ್ನ ಬಿಚ್ಚಬಹುದಾ ಅಜ್ಜಿ?’

‘ಮೊದಲು ನನ್ನ ಬಿಚ್ಚು, ಆಮೇಲೆ ಅದನ್ನ.’

‘ಹಾಗಲ್ಲ, ಬಾಗಿಲಲ್ಲಿ ಹಿಡಿಯಲ್ಲ...’

‘ಒಳಗೆ ಬಂದಿದೆಯಲ್ಲಪ್ಪ, ಹೊರಗೆ ಹೋಗಕ್ಕೇನು ರೋಗ? ಅದರ ಜೊತೆ ನಾನೂ ಲಾರೀಲಿ ಬರ್ತೀನಿ. ದಾರೀಲಿ ಏನು ಮಾಡ್ತೀರೋ ನೋಡ್ಬೇಕು.’

ಅವರು ನಕ್ಕು ಏನೋ ಗೀಚಿಕೊಂಡರು. ಕೊನೆಗೆ ಇನ್ಶೂರೆನ್ಸ್. ದಾರಿಯಲ್ಲಿ ಒಡೆದರೆ ಇಷ್ಟು ಬೆಲೆ ಅಂತ ನಾವೇ ಮೊದಲು ಹೇಳಬೇಕು, ಹೇಳಿದ ಬೆಲೆ ಮೇಲೆ ನೂರಕ್ಕೆ ಇಷ್ಟು ಅಂತ ಕಟ್ಟಬೇಕು. ಹೇಳದೆ ಇದ್ದದ್ದು ಒಡೆದರೆ ಏನೂ ಸಿಗುವುದಿಲ್ಲ. ಗೋಡೆಯ ಕನ್ನಡಿ ತೋರಿಸಿದರು. ಒಂದು ಮೂಲೆ ಆಗಲೇ ಬಿರುಕು ಬಿಟ್ಟಿದೆ. ಬೆಳಿಗ್ಗೆ ಅಪ್ಪ ಅದರಲ್ಲಿ ಗಡ್ಡ ಕೆರೆಯುವಾಗ ಅಮ್ಮ ಹಿಂದೆ ನಿಂತು ತಲೆ ಬಾಚುತ್ತಾಳೆ. ಅವರು ಒಬ್ಬರನ್ನೊಬ್ಬರು ನೋಡುವುದಿದ್ದರೆ ಅದರೊಳಗೇ.

‘ಇದಕ್ಕೆ ಬೆಲೆ ಹಾಕ್ಲಾ?’

‘ಬೇಡ’ ಅಂದಳು ಅಮ್ಮ, ಒಳಗಿನಿಂದ.

‘ಹಾಕಿ’ ಅಂದರು ಅಪ್ಪ, ಹೊರಗಿನಿಂದ.

ಒಂದೇ ಸಲಕ್ಕೆ. ಸರ್ವೆಯವರು ನನ್ನ ಮುಖ ನೋಡಿದರು. ನಾನು ಕನ್ನಡಿ ನೋಡಿದೆ.

‘ಎಲ್ಲಿಗೆ ಹೋಗಬೇಕು?’ ಅಂದಾಗ ಅಮ್ಮ ತನ್ನ ಅಡ್ರೆಸ್ ಹೇಳಿದಳು. ಅಪ್ಪ ಹೇಳುತ್ತಾರೆ ಅಂತ ಕಾದೆ. ಹೇಳಲಿಲ್ಲ. ಅಮ್ಮನ ಮಾತಿನ ಹಿಂದೆಯೇ ತಮ್ಮದನ್ನು ಹೇಳುವುದು ಅವರಿಗೆ ಆಗಲಿಲ್ಲ ಅನ್ನಿಸುತ್ತದೆ. ಸರ್ವೆಯವರಿಗೆ ಇನ್ನೊಂದು ಮನೆಗೆ ಹೊತ್ತಾಗಿತ್ತು. ‘ಉಳಿದಿದ್ದು ಆಫೀಸಿಂದ ಫೋನ್ ಮಾಡಿ ಕೇಳ್ತಾರೆ’ ಅಂತ ಹೊರಟರು.


ಮಾರ್ಚ್ 12, ಬುಧವಾರ

ಆಫೀಸಿನ ಹುಡುಗಿ ಫೋನ್ ಮಾಡಿದಳು. ಅಂಗಡಿಯಲ್ಲಿ ಮೆಷಿನ್ ಓಡುತ್ತಿತ್ತು, ಒಂದು ಕಿವಿ ಮುಚ್ಚಿಕೊಂಡು ಮಾತಾಡಿದೆ.

‘ಇಪ್ಪತ್ತೊಂಬತ್ತು ಶನಿವಾರ ಓಕೆನಾ? ಪಿಕಪ್ ನಿಮ್ಮನೆ. ಡ್ರಾಪ್ ಎಷ್ಟು?’

‘ಒಂದು. ಅಜ್ಜಿಗೆ ಮಾತ್ರ.’

‘ಅಜ್ಜಿ ಮನೆಗಾ? ಸರ್ವೇಲಿ ಕೊಟ್ಟಿರೋ ಅಡ್ರೆಸ್ಸೇ ತಾನೇ?’

‘ಹೌದು, ಅಮ್ಮನ ಜೊತೇನೇ ಇರ್ತಾರೆ. ಮುಂದೆ ಕೂರಿಸ್ಕೋಬೇಕು, ಡ್ರೈವರ್ ಪಕ್ಕ. ಹಿಂದೆ ಆಗಲ್ಲ.’

‘ಹಾಂ?... ಸರಿ, ಅದು ಡ್ರೈವರ್‌ಗೆ ಹೇಳ್ಕೊಳ್ಳಿ. ಉಳಿದಿದ್ದು ಕೊಟೇಶನ್‌ನಲ್ಲಿ ಬರತ್ತೆ, ನೋಡ್ಕೊಳ್ಳಿ.’

ಅಜ್ಜಿಗೆ ಲಾರಿಯಲ್ಲಿ ಸೀಟು ಗಟ್ಟಿ ಅಂತ ಹೇಳಿದೆ. ಖುಷಿಯೋ ಖುಷಿ.


ಮಾರ್ಚ್ 19, ಬುಧವಾರ

ಕೊಟೇಶನ್ ಬಂತು, ಫೋನಿಗೆ. ಒಂದೊಂದೇ ಸಾಲು ಬೆರಳಿಟ್ಟು ಓದಿದೆ. ಪ್ಯಾಕಿಂಗ್. ಹತ್ತಿಸುವುದು, ಇಳಿಸುವುದು. ಫ್ಲೋರ್ ಚಾರ್ಜ್ — ಮೊದಲ ಮಹಡಿ. ಲಾಂಗ್ ಕ್ಯಾರಿ. ಕನ್ನಡಿಗೆ ಬೆಲೆ ಹಾಕಿಲ್ಲ. ಆಮೇಲೆ ಒಂದು ಸಾಲು — ಸಿಂಗಲ್ ಡ್ರಾಪ್.

ಅಜ್ಜಿಗೂ ಚಾರ್ಜು ಹಾಕಿದ್ದಾರಾ ಅಂತ ಸಿಟ್ಟು ಬಂತು ಮೊದಲು. ಕೆಳಗೆ ಸಣ್ಣಕ್ಷರದಲ್ಲಿತ್ತು: ‘ಸಾಮಾನು ಇಳಿಸುವ ಪ್ರತಿಯೊಂದು ವಿಳಾಸವನ್ನು ಒಂದು ಡ್ರಾಪ್ ಎಂದು ಪರಿಗಣಿಸಲಾಗುವುದು. ಎರಡನೇ ಡ್ರಾಪ್ ಇದ್ದಲ್ಲಿ ಮುಂಚಿತವಾಗಿ ತಿಳಿಸತಕ್ಕದ್ದು, ಪ್ರತ್ಯೇಕ ಶುಲ್ಕವಿದೆ, ಸಾಮಾನುಗಳನ್ನು ಬೇರೆ ಬೇರೆಯಾಗಿ ತುಂಬಲಾಗುವುದು.’

ಎರಡು ಸಲ ಓದಿದೆ. ಆಮೇಲೆ ಅರ್ಥವಾಯಿತು. ಅವಳು ಕೇಳಿದ್ದು ಎಷ್ಟು ಮನೆಗೆ ಅಂತ. ನಾನು ಹೇಳಿದ್ದು ಅಜ್ಜಿಯ ಸೀಟು. ಕಂಪನಿಯವರ ಪ್ರಕಾರ ನಾವೆಲ್ಲ ಒಂದೇ ಮನೆಗೆ ಹೋಗುತ್ತಿದ್ದೇವೆ. ಅಪ್ಪನ ಮಂಚ, ಅಮ್ಮನ ಮಂಚ, ಅಜ್ಜಿಯ ಬೀರು, ನನ್ನ ಸೈಕಲ್. ಒಂದೇ ವಿಳಾಸ.

ಎಷ್ಟು ಚೆನ್ನಾಗಿ ಬರೆದಿದ್ದಾರೆ ಅನ್ನಿಸಿತು.

ನಂಬರ್ ಒತ್ತಿದೆ. ಹಸಿರು ಬಟನ್ ಒತ್ತಲಿಲ್ಲ. ಗಿರಾಕಿ ಬಂದರು. ಅವರು ಹೋದ ಮೇಲೂ ಒತ್ತಲಿಲ್ಲ.


ಮಾರ್ಚ್ 25, ಮಂಗಳವಾರ

ಇಷ್ಟು ದಿನ ಬರೆಯಲಿಲ್ಲ. ಬರೆದರೆ ಇದನ್ನೇ ಬರೆಯಬೇಕಾಗುತ್ತದೆ.

ಹೇಳಿಲ್ಲ. ಯಾರಿಗೂ. ಕೇಳಿದಾಗ ಬಾಯಿಂದ ಬಂದದ್ದು ತಪ್ಪು ತಿಳಿವಳಿಕೆ, ಅದು ಸುಳ್ಳಲ್ಲ. ಗೊತ್ತಾದ ಮೇಲೆ ಸುಮ್ಮನಿರುವುದು? ಅದಕ್ಕೆ ಏನನ್ನುತ್ತಾರೆ? ನಾನು ಪರೀಕ್ಷೆಯಲ್ಲಿ ಖಾಲಿ ಪೇಪರ್ ಕೊಟ್ಟು ಬಂದವಳು, ಕಾಪಿ ಹೊಡೆದವಳಲ್ಲ. ಹೊಲಿಗೆ ಅಂಗಡಿ ಬಿಟ್ಟದ್ದೂ ಗಿರಾಕಿಗೆ ಬಟ್ಟೆ ಉಳಿದಿದೆ ಅಂತ ನಿಜ ಹೇಳಿದ್ದಕ್ಕೆ. ಈಗ ಬಾಯಲ್ಲಿ ಕಡುಬು ತುರುಕಿಕೊಂಡವಳ ಹಾಗೆ ಓಡಾಡುತ್ತಿದ್ದೇನೆ.

ಇವತ್ತು ಪಾತ್ರೆ ಕಟ್ಟಿದೆವು. ಅಮ್ಮ ನೆಲದ ಮೇಲೆ ಎರಡು ಗುಂಪು ಮಾಡಿದಳು. ಲೋಟ ಇತ್ತ ಮೂರು, ಅತ್ತ ಎರಡು. ದೊಡ್ಡ ಬಾಣಲೆ ಇತ್ತ. ಚಹಾದ ಪಾತ್ರೆ ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಳು. ಅತ್ತ ಇಟ್ಟಳು. ‘ಬೆಳಿಗ್ಗೆ ಚಹಾ ಇಲ್ಲದೆ ನಿಮ್ಮಪ್ಪ ಮನುಷ್ಯ ಅಲ್ಲ.’ ಆಮೇಲೆ ನನ್ನ ತಟ್ಟೆ ಎತ್ತಿದಳು.

‘ಇದು ಯಾವ ಕಡೆಗೆ?’

ಕೇಳಿದ್ದು ಕೊನೆಗೂ. ಹೀಗೆ ಕೇಳಿದಳು, ತಟ್ಟೆ ಹಿಡಿದುಕೊಂಡು.

‘ಎರಡೂ ಕಡೆ’ ಅಂದೆ.

‘ತಟ್ಟೆ ಒಂದೇ ಇರೋದು ಚಕ್ರ.’

‘ಅದಕ್ಕೇ ಗೊತ್ತಾಗ್ತಿಲ್ಲ.’

ತಟ್ಟೆ ನನ್ನ ಕೈಗೇ ಕೊಟ್ಟಳು. ರಾತ್ರಿ ಅದರಲ್ಲೇ ಉಂಡೆ.

ನನಗೆ ಬೇಕಾದದ್ದು ಅಮ್ಮನ ಎರಡು ಕೋಣೆ ಅಲ್ಲ, ಅಪ್ಪನ ಒಂದು ರೂಮೂ ಅಲ್ಲ. ಬೆಳಿಗ್ಗೆ ಹಾಸಿಗೆಯಲ್ಲಿ ಬಿದ್ದಿರುವಾಗ ಸ್ಕೂಟರ್ ಕೆಮ್ಮುವುದು ಕೇಳಬೇಕು. ಅಮ್ಮ ಚಪ್ಪಲಿ ಮೆಟ್ಟುವುದು ಕೇಳಬೇಕು. ಅಷ್ಟೆ. ಅದನ್ನು ಯಾವ ಡಬ್ಬಕ್ಕೆ ಹಾಕುವುದು? ಅಮ್ಮನಿಗೆ ಇನ್ನು ಮೇಲೆ ಡ್ರಾಪ್ ಬೇಕಾಗುವುದೂ ಇಲ್ಲ. ಕ್ಲಿನಿಕ್ ಪಕ್ಕದ ಬೀದಿ.

ಇನ್ನೊಂದು ಎಡವಟ್ಟು. ಡಬ್ಬದ ಮೇಲೆ ಯಾರದು ಅಂತ ಮೊದಲಕ್ಷರ ಬರಿ ಅಂದಿದ್ದಳು. ದಪ್ಪ ಮಾರ್ಕರ್‌ನಲ್ಲಿ ಬರೆದೆ. ಅಮ್ಮನದಕ್ಕೆ ‘ಅ’. ಅಜ್ಜಿಯದಕ್ಕೆ ‘ಅ’. ಅಪ್ಪನದಕ್ಕೆ ಬರೆಯುವಾಗ ಗೊತ್ತಾಯಿತು. ಪೂರ್ತಿ ಬರೆಯಬಹುದಿತ್ತು. ಬರೆಯಲಿಲ್ಲ. ಗೋಡೆಯುದ್ದಕ್ಕೂ ‘ಅ ಅ ಅ ಅ’ — ಡಾಕ್ಟರು ಬಾಯಿ ತೆಗೆಸಿದ ಹಾಗೆ.

ಅಪ್ಪ ನೋಡಿದರು. ತುಟಿ ಅಲ್ಲಾಡಿತು, ನಗಲಿಲ್ಲ.


ಮಾರ್ಚ್ 27, ಗುರುವಾರ

ಹೇಳಿಬಿಟ್ಟೆ.

ಅಪ್ಪ ಇವತ್ತು ಬೇಗ ಬಂದಿದ್ದರು. ಓಣಿಯಲ್ಲಿ ಕುಕ್ಕುರುಗಾಲಲ್ಲಿ ಕೂತು ಸ್ಕೂಟರ್ ಪ್ಲಗ್ ಉಜ್ಜುತ್ತಿದ್ದರು.

‘ಅಪ್ಪ, ಒಂದು ತಪ್ಪಾಗಿದೆ.’

‘ಯಾವ ಕೆಲಸ ಬಿಟ್ಟೆ?’

‘ಕೆಲಸ ಅಲ್ಲ. ಲಾರಿ.’ ಎಲ್ಲ ಹೇಳಿದೆ. ಡ್ರಾಪ್, ಅಜ್ಜಿಯ ಸೀಟು, ಸಿಂಗಲ್ ಡ್ರಾಪ್. ಗೊತ್ತಾಗಿ ಒಂದು ವಾರದ ಮೇಲಾಯಿತು ಅನ್ನುವುದನ್ನೂ ಹೇಳಿದೆ. ಅದಿಲ್ಲದಿದ್ದರೆ ಹೇಳಿದ ಹಾಗಲ್ಲ.

ಅಪ್ಪ ಪ್ಲಗ್ ಊದಿದರು. ಬೆಳಕಿಗೆ ಹಿಡಿದು ನೋಡಿದರು.

‘ಈಗ ಫೋನ್ ಮಾಡಿದ್ರೂ ಆಗತ್ತೆ. ಎಕ್ಸ್‌ಟ್ರಾ ಡ್ರಾಪ್‌ಗೆ ಸ್ವಲ್ಪ ಜಾಸ್ತಿ ಕೊಡಬೇಕು ಅಷ್ಟೆ. ಮಾಡ್ಲಾ?’

‘ಈ ಹೊತ್ತಲ್ಲಿ ಯಾರು ಎತ್ತುತ್ತಾರೆ ಫೋನು.’

‘ಇನ್ನೂ ನಾಲ್ಕು ಗಂಟೆ ಅಪ್ಪ.’

‘ಬಿಡು’ ಅಂದರು. ಪ್ಲಗ್ ಹಾಕಿ ತಿರುವಿದರು. ‘ನಿಮ್ಮಮ್ಮನಿಗೆ ಹೇಳಿದ್ಯಾ?’

‘ಹೇಳ್ತೀನಿ.’

ಅಮ್ಮ ಬಂದ ಮೇಲೆ ಹೇಳಿದೆ. ಫ್ಲಾಸ್ಕ್ ತೊಳೆಯುತ್ತಿದ್ದಳು. ಬೈಯುತ್ತಾಳೆ ಅಂತ ಬಾಗಿಲ ಹತ್ತಿರವೇ ನಿಂತಿದ್ದೆ.

‘ನಿಮ್ಮಪ್ಪ ಏನಂದ್ರು?’

‘ಬಿಡು ಅಂದ್ರು.’

ತೊಳೆದ ಫ್ಲಾಸ್ಕನ್ನೇ ಮತ್ತೆ ತೊಳೆದಳು. ನಲ್ಲಿ ನಿಲ್ಲಿಸಿದಳು.

‘ಹಾಗಾದ್ರೆ ಎಲ್ಲ ನನ್ನಲ್ಲೇ ಇಳೀಲಿ. ಭಾನುವಾರ ಅವರದ್ದು ಅವರು ತಗೊಂಡ್ಹೋಗ್ಲಿ.’

‘ಈ ಭಾನುವಾರಾನಾ?’

‘ಯಾವ್ದೋ ಒಂದು ಭಾನುವಾರ.’

ಒಳಗಿಂದ ಅಜ್ಜಿ: ‘ಅವಳಿಗ್ಯಾಕೆ ಬೈತೀರಿ? ಒಂದು ಡ್ರಾಪ್ ಅಂತ ಸರಿಯಾಗೇ ಹೇಳಿದ್ದಾಳೆ. ನನಗೆ ಒಂದೇ ಸೀಟು ಸಾಕಲ್ಲ!’

ಯಾರೂ ಫೋನ್ ಮಾಡಲಿಲ್ಲ.


ಮಾರ್ಚ್ 29, ಶನಿವಾರ

ಸುಸ್ತು. ಆದರೂ ಬರೆಯುತ್ತೇನೆ.

ಬೀರು ಬಾಗಿಲಲ್ಲಿ ಹಿಡಿಯಲಿಲ್ಲ. ಕಂಪನಿಯ ಆಳುಗಳು ಅಡ್ಡ ಹಾಕಿದರು, ಉದ್ದ ಹಾಕಿದರು. ಕೊನೆಗೆ ಅಪ್ಪನೇ ಬಾಗಿಲ ಕೀಲು ಕಳಚಿ ಬಾಗಿಲನ್ನೇ ತೆಗೆದಿಟ್ಟರು. ಒಂದು ಕಡೆ ಅಪ್ಪ ಹಿಡಿದರು. ಇನ್ನೊಂದು ಕಡೆ ಆಳಿನ ಕೈ ಜಾರಿತು, ಅಮ್ಮ ಓಡಿ ಬಂದು ಭುಜ ಕೊಟ್ಟಳು.

‘ಎಡಕ್ಕೆ’ ಅಂದರು ಅಪ್ಪ.

‘ಯಾರ ಎಡ?’ ಅಂದಳು ಅಮ್ಮ.

‘ನಿನ್ನ ಎಡ.’

ಲಾಂಗ್ ಕ್ಯಾರಿ ಇಡೀ ಓಣಿ. ಅಜ್ಜಿ ಮುಂದೆ ಮುಂದೆ, ಮೆರವಣಿಗೆಗೆ ದಾರಿ ಬಿಡಿಸುವವರ ಹಾಗೆ. ಡ್ರೈವರ್ ಪಕ್ಕದಲ್ಲಿ ಏರಿ ಕೂತ ಮೇಲೆ ಅವರ ಕತ್ತು ಕೆಳಗಿಳಿಯಲೇ ಇಲ್ಲ. ‘ಬೇಗ ಹೋಗಬೇಡಪ್ಪ, ಎಲ್ಲರೂ ನೋಡ್ಲಿ’ ಅಂದರಂತೆ.

ಆಳುಗಳು ಕೈಗೆ ಸಿಕ್ಕಿದ ಹಾಗೆ ತುಂಬಿದರು. ಒಂದೇ ಮನೆ ಅಲ್ಲವಾ, ಬೇರೆ ಮಾಡುವುದೇನು? ಅಪ್ಪನ ಹಾಸಿಗೆ ಮೇಲೆ ಅಮ್ಮನ ಹೊಲಿಗೆ ಮೆಷಿನ್, ಅದರ ಮೇಲೆ ಸ್ಪ್ಯಾನರ್ ಪೆಟ್ಟಿಗೆ.

ಹೊಸ ಮನೆಯಲ್ಲಿ ಎಲ್ಲ ಇಳಿಸಿದಾಗ ಕಾಲಿಡಲು ಜಾಗವಿಲ್ಲ. ಎರಡು ಕೋಣೆಯಲ್ಲಿ ಹಳೆಯ ಮನೆ ಪೂರ್ತಿ ತುಂಬಿಕೊಂಡಿತ್ತು. ಚಹಾದ ಪಾತ್ರೆ ಹುಡುಕಬೇಕಿತ್ತು. ಎಲ್ಲ ಡಬ್ಬದ ಮೇಲೂ ‘ಅ’. ಒಂದು ಬಿಚ್ಚಿದರೆ ಅಪ್ಪನ ಅಂಗಿ. ಇನ್ನೊಂದು ಬಿಚ್ಚಿದರೆ ಅಜ್ಜಿಯ ಔಷಧಿ. ‘ಯಾವ ಜಾಣೆ ಬರೆದದ್ದು ಇದು?’ ಅಂದಳು ಅಮ್ಮ. ‘ಅಕ್ಷರ ದುಂಡಗಿದೆಯಲ್ಲ, ಸ್ಕೂಲಿಗೆ ಹಾಕಿದ್ದು ದಂಡ ಆಗಿಲ್ಲ’ ಅಂದರು ಅಪ್ಪ. ನನಗೆ ಹೇಳಿದ್ದು. ಆದರೆ ಅಮ್ಮನಿಗೆ ನಗು ಬಂತು. ತಿರುಗಿಕೊಂಡು ನಕ್ಕಳು.

ಚಹಾ, ಬ್ರೆಡ್ಡು. ಅಪ್ಪ ಬೆತ್ತದ ಕುರ್ಚಿಯಲ್ಲಿ, ಅಮ್ಮ ಡಬ್ಬದ ಮೇಲೆ, ಅಜ್ಜಿ ಬೀರುವಿಗೆ ಒರಗಿಕೊಂಡು. ಎಲ್ಲರೂ ಒಂದೇ ಬಲ್ಬಿನ ಕೆಳಗೆ. ಈ ದಿನ ಇಲ್ಲೇ ನಿಂತರೆ ಎಷ್ಟು ವೇಟಿಂಗ್ ಚಾರ್ಜ್ ಬೇಕಾದರೂ ಕೊಡುತ್ತೇನೆ ಅಂದುಕೊಂಡೆ.

ಆಮೇಲೆ ಅಪ್ಪ ಎದ್ದರು. ಚಾಪೆ, ದಿಂಬು ಸ್ಕೂಟರ್ ಹಿಂದೆ ಕಟ್ಟಿಕೊಂಡರು. ‘ಬರ್ತೀನಿ’ ಅಂದರು. ಯಾರಿಗೆ ಅಂತ ಗೊತ್ತಾಗಲಿಲ್ಲ.

ಹಿಂದಿನ ಸೀಟಿನಲ್ಲಿ ದಿಂಬು ಕೂತಿತ್ತು.


ಮಾರ್ಚ್ 31, ಸೋಮವಾರ

ಬೆಳಿಗ್ಗೆ ಹಾಸಿಗೆಯಲ್ಲಿದ್ದೆ. ಸ್ಕೂಟರ್ ಕೆಮ್ಮಿದ ಸದ್ದು. ಕನಸು ಅಂದುಕೊಂಡೆ. ಪೇಪರಿನವನಲ್ಲ, ಹಾಲಿನವನಲ್ಲ — ಆ ಕೆಮ್ಮು ಬೇರೆ ಯಾವ ಗಾಡಿಗೂ ಇಲ್ಲ. ಕಿಟಕಿಗೆ ಓಡಿದೆ. ಅಪ್ಪ ಕೆಳಗೆ, ಗಾಡಿ ಆಫ್ ಮಾಡದೆ ನಿಂತಿದ್ದರು.

ಅಮ್ಮ ಆಗಲೇ ಹೋಗಿಯಾಗಿತ್ತು. ನಡೆದುಕೊಂಡು. ಪಕ್ಕದ ಬೀದಿ.

‘ಏನಪ್ಪ?’

‘ಏನಿಲ್ಲ... ಸ್ಪ್ಯಾನರ್ ಬೇಕಿತ್ತು.’

ಪೆಟ್ಟಿಗೆಯನ್ನೇ ಕೊಡಲು ಹೋದೆ. ‘ಒಂದು ಸಾಕು’ ಅಂದರು. ಊರಿನ ಆ ತುದಿಯಿಂದ ಈ ತುದಿಗೆ, ಒಂದು ಸ್ಪ್ಯಾನರಿಗೆ.

ಸಂಜೆ ಅಮ್ಮನಿಗೆ ಹೇಳಿದೆ. ಕೇಳದಿದ್ದರೂ ಹೇಳಿದೆ. ‘ಎಷ್ಟು ಹೊತ್ತಿಗೆ ಬಂದಿದ್ರು?’ ಅಂದಳು. ಎಂಟಕ್ಕೆ ಇನ್ನೂ ಹತ್ತು ನಿಮಿಷ ಇತ್ತು ಅಂದೆ. ಹೂಂ ಅಂದಳು.


ಏಪ್ರಿಲ್ 3, ಗುರುವಾರ

ಮಂಗಳವಾರ ಸ್ಕ್ರೂಡ್ರೈವರ್. ನಿನ್ನೆ ಟೆಸ್ಟರ್. ಇವತ್ತು ಬಂದಾಗ ಅಮ್ಮ ಇನ್ನೂ ಹೊರಟಿರಲಿಲ್ಲ. ಈ ವಾರ ದಿನಕ್ಕಿಷ್ಟು ತಡ ಮಾಡಿಕೊಂಡು ಹೊರಡುತ್ತಿದ್ದಾಳೆ, ನಾನು ನೋಡಿಲ್ಲ ಅಂದುಕೊಂಡಿದ್ದಾಳೆ. ಮೆಟ್ಟಿಲಲ್ಲಿ ಎದುರಾದರು. ಇಬ್ಬರೂ ಒಂದೇ ಕಡೆ ಸರಿದರು, ಮತ್ತೆ ಇನ್ನೊಂದು ಕಡೆ ಸರಿದರು.

‘ಇಲ್ಲೇ ಅಲ್ವಾ ಕ್ಲಿನಿಕ್ಕು’ ಅಂದಳು ಅಮ್ಮ.

‘ಹೌದು. ಇಲ್ಲೇ.’

ನಡೆದೇ ಹೋದಳು. ಅಪ್ಪ ಇಕ್ಕಳ ತೆಗೆದುಕೊಂಡು ಹೋದರು.

ಅಂಗಡಿಯಲ್ಲಿ ಹೊಸ ಮನೆಯ ಕೀ ಮಾಡಿದೆ. ಅಮ್ಮ ಮೂರು ಅಂದಿದ್ದಳು — ಅವಳದು, ಅಜ್ಜಿಯದು, ನನ್ನದು. ನಾಲ್ಕು ಕೊರೆದೆ. ಕೀ ಅಂಕಲ್ ಎಣಿಸಿದರು, ಏನೂ ಕೇಳಲಿಲ್ಲ, ನಾಲ್ಕರದ್ದೂ ಸಂಬಳದಲ್ಲಿ ಹಿಡಿದುಕೊಳ್ಳುತ್ತೇನೆ ಅಂದರು. ನಾಲ್ಕನೆಯದನ್ನು ಬಾಗಿಲ ಪಕ್ಕದ ಮೊಳೆಗೆ ಹಾಕಿದೆ. ಅಮ್ಮ ನೋಡಿದಳು. ತೆಗೆಯಲಿಲ್ಲ. ಕೊಟ್ಟುಬಿಡು ಅಂತಲೂ ಅನ್ನಲಿಲ್ಲ.

ಯಾವುದೂ ಸರಿಹೋಗಿಲ್ಲ. ಇದನ್ನೂ ಬರೆದಿಡಬೇಕು. ಇಲ್ಲದಿದ್ದರೆ ನಾಳೆ ಓದಿದಾಗ ನಾನೇ ನಂಬಿಬಿಡುತ್ತೇನೆ.


ಏಪ್ರಿಲ್ 6, ಭಾನುವಾರ, ಬೆಳಿಗ್ಗೆ

ಅಪ್ಪ ಟೆಂಪೋ ತಂದಿದ್ದಾರೆ. ಚಿಕ್ಕದು. ಡಿಪೋ ಹತ್ತಿರದ ಯಾರದೋ.

ತರುವುದು ಗೊತ್ತಿತ್ತು. ಮಂಚವಿಲ್ಲದೆ ಎಷ್ಟು ದಿನ ಮಲಗುತ್ತಾರೆ? ಸೊಂಟ ಹಿಡಿದುಕೊಂಡು ನಡೆಯುತ್ತಿದ್ದಾರೆ. ಆದರೂ ಕಿಟಕಿಯಿಂದ ಖಾಲಿ ಟೆಂಪೋ ಕಂಡಾಗ ಅಮ್ಮನನ್ನು ಕರೆಯಲಿಲ್ಲ. ನಾನೇ ಕೆಳಗೆ ಹೋದೆ.

ಡ್ರೈವರ್ ಬೀಡಿ ಎಸೆದ. ‘ಏನೇನು ಹತ್ತಿಸ್ಬೇಕು? ಡ್ರಾಪ್ ಒಂದೇ ತಾನೇ?’

ಅಪ್ಪ ನನ್ನ ಕಡೆ ನೋಡಿದರು. ನಾನು ಬಾಯಿ ಬಿಡಲಿಲ್ಲ. ಈ ಸಲ ಉತ್ತರ ನನ್ನದಲ್ಲ.

ಆಗ ಮೇಲಿನಿಂದ ಅಮ್ಮ. ಕಂಬಿ ಹಿಡಿದು ಬಗ್ಗಿ ನಿಂತಿದ್ದಳು.

‘ರೀ.’

ಎಷ್ಟು ಕಾಲವಾಗಿತ್ತು ಅದನ್ನು ಕೇಳಿ. ಅಪ್ಪ ಕತ್ತೆತ್ತಿದರು.

‘ಚಹಾ ಇಟ್ಟಿದ್ದೀನಿ. ಕುಡಿದು ಹತ್ತಿಸಿ.’

‘ಹೊತ್ತಾದ್ರೆ ವೇಟಿಂಗ್ ಬೀಳತ್ತೆ ಅಣ್ಣ’ ಅಂದ ಡ್ರೈವರ್. ‘ಅರ್ಧ ಗಂಟೆ ಅಷ್ಟೆ ಫ್ರೀ.’

‘ಬೀಳಲಿ’ ಅಂದರು ಅಪ್ಪ.

ಈಗ ಒಳಗೆ ಕೂತಿದ್ದಾರೆ. ನಾನು ಬೀರು ಹಿಂದೆ ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ. ಇಲ್ಲಿಂದ ಕನ್ನಡಿ ಕಾಣಿಸುತ್ತದೆ. ಇನ್ನೂ ಮೊಳೆ ಹೊಡೆದಿಲ್ಲ, ಗೋಡೆಗೆ ಒರಗಿಸಿಟ್ಟಿದೆ. ಅದರಲ್ಲಿ ಅಪ್ಪನ ಮೊಣಕಾಲು, ಅಮ್ಮನ ಸೆರಗಿನ ತುದಿ.

ಒಳಗೆ ಬರುವಾಗ ಅಪ್ಪ ಮೊಳೆಯಲ್ಲಿದ್ದ ಕೀಲಿ ತೆಗೆದು ನೋಡಿದರು. ‘ಇದು ಯಾರ್ದು?’

‘ಚಹಾ ಆರತ್ತೆ’ ಅಂದಳು ಅಮ್ಮ. ಅಪ್ಪ ಅದನ್ನು ವಾಪಸ್ ಹಾಕಲಿಲ್ಲ, ಜೇಬಿಗೂ ಹಾಕಲಿಲ್ಲ. ಒಂದು ಕೈಯಲ್ಲಿ ಲೋಟ, ಒಂದು ಕೈಯಲ್ಲಿ ಕೀಲಿ.

‘ಅಲ್ಲಿ ಚಹಾ ಮಾಡ್ಕೋತಿದ್ದೀರಾ?’

‘ಪಾತ್ರೆ ಇಲ್ಲೇ ಇದೆಯಲ್ಲ.’

‘ಅಯ್ಯೋ, ಹೌದು.’

ಕೆಳಗೆ ಹಾರ್ನ್ ಹೊಡೆದ. ಅರ್ಧ ಗಂಟೆ ಆಗಿರಬೇಕು.

ಯಾರೂ ಏಳಲಿಲ್ಲ.

ಮತ್ತೆ ಹಾರ್ನ್. ಅಮ್ಮ ಎದ್ದಳು. ಲೋಟ ತೊಳೆಯಲಿಕ್ಕೆ ಅಂದುಕೊಂಡೆ. ಅಲ್ಲ, ಚಹಾದ ಪಾತ್ರೆ ಮತ್ತೆ ಒಲೆ ಮೇಲೆ ಇಡುತ್ತಿದ್ದಾಳೆ, ನೀರು ಅಳೆಯುತ್ತಿದ್ದಾಳೆ — ಒಂದು ಲೋಟ, ಎರಡು, ಮೂರು, ನಾಲ್ಕು.